ನೀವು ಹುಟ್ಟಿದ್ದು ಭಾಳ ಛಲೋ ಆತ್ರಿ

ಹನ್ನೆರಡು ವರ್ಷದ ಹಿಂದೆ ಅಫಜಲಪುರದ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಇಟ್ಟಿದ್ದೆವು. ವಿಷಯ ಗರ್ಭಪಾತ. ಪರವಾಗಿ ಮೂವರು, ವಿರೋಧವಾಗಿ ಮೂವರು. ನಾನು ಅಲ್ಲಿ ಜೀವಶಾಸ್ತ್ರದ ಮಾಸ್ತರ. ಎರಡೂ ಕಡೆಯ ಮಕ್ಕಳಿಗೆ ಭಾಷಣ ಬರೆದುಕೊಟ್ಟವನು ನಾನೇ. ಒಂದು ಕಡೆಗೆ ಕಾನೂನು, ಹಕ್ಕು, ಹೆಣ್ಣಿನ ಮೈ ಹೆಣ್ಣಿನದು ಎಂದು ಬರೆದಿದ್ದೆ. ಇನ್ನೊಂದು ಕಡೆಗೆ ಜೀವ, ಪಾಪ, ಮಾತು ಬಾರದ ಕೂಸಿನ ಕೂಗು ಎಂದು ಬರೆದಿದ್ದೆ. ಎರಡನ್ನೂ ಅಷ್ಟೇ ಜೋರಾಗಿ ಬರೆದಿದ್ದೇನೆ ಅಂತ ನನಗೆ ಹೆಮ್ಮೆಯಿತ್ತು. ಮಕ್ಕಳೂ ಗಂಟಲು ಹರಿಯುವ ಹಾಗೆ ಮಾತಾಡಿದರು. ಚಪ್ಪಾಳೆ ಬಿದ್ದವು.

ನಿರ್ಣಾಯಕರಾಗಿ ಕರೆದದ್ದು ನಮ್ಮ ಓಣಿಯಲ್ಲೇ ಎರಡು ಮನೆ ಆಚೆ ಇದ್ದ ನಿವೃತ್ತ ನರ್ಸಬಾಯಾರನ್ನು. ಹಾಗೆ ಕರೆದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಕರೆದ ಡಾಕ್ಟರು ಬರಲಿಲ್ಲ, ಇವರು ಹತ್ತಿರ ಇದ್ದರು, ಅಷ್ಟೇ. ಅವರು ಬಿಳಿ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಇಡೀ ಹೊತ್ತು ಒಂದಕ್ಷರ ಬರೆದುಕೊಳ್ಳದೆ ಕೂತಿದ್ದರು. ಕೊನೆಗೆ ಎದ್ದು ನಿಂತಾಗ ಹೇಳಿದ್ದು ಇಷ್ಟು: "ಎರಡೂ ಕಡಿಯವರು ಛಲೋ ಮಾತಾಡಿದ್ರಿ. ಆದರ ನಿಮ್ಮ ಮಾತಿನಾಗ ಆ ಹೆಣ್ಣಮಗಳು ಎಲ್ಲಿ ಕುಂತಿದ್ಲು ಅಂತ ನಾ ಹುಡುಕಾಕತ್ತಿದ್ದೆ, ನನಗ ಸಿಗಲಿಲ್ಲ. ಆಕಿ ಸಂಗಟ ಯಾರ್ ಬಂದಿದ್ರು, ಆಕಿ ಉಂಡಿದ್ಲೋ ಇಲ್ಲೋ, ಯಾರೂ ಹೇಳಲಿಲ್ಲ."

ಬಹುಮಾನ ಯಾರಿಗೂ ಕೊಡಬೇಡಿ, ಎಲ್ಲರಿಗೂ ಒಂದೊಂದು ಪೆನ್ನು ಕೊಡಿ ಎಂದು ಹೇಳಿ ಕೂತುಬಿಟ್ಟರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಎರಡು ವಾರ ರಾತ್ರಿ ಹಗಲು ಕೂತು ಬರೆದದ್ದನ್ನು ಒಬ್ಬ ನರ್ಸು ಎರಡು ಮಾತಿನಲ್ಲಿ ಕಸ ಮಾಡಿದಳಲ್ಲ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಒದರಾಡಿದೆ. ಆಗ ಅವಳು ಮೂರನೆಯ ಸಲ ಬಸಿರಾಗಿದ್ದಳು, ಅದು ನನಗಿನ್ನೂ ಗೊತ್ತಿರಲಿಲ್ಲ.

ನರ್ಸಬಾಯಾರು ಜೇವರ್ಗಿ ಕಡೆಯ ಹಳ್ಳಿಯವರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡ, ಮಕ್ಕಳಿಲ್ಲ. ತವರಿನವರು ಬಾ ಅಂದರೂ ಹೋಗದೆ ನರ್ಸಿಂಗ್ ಓದಿ, ಆಳಂದ, ಜೇವರ್ಗಿ, ಅಫಜಲಪುರ ಅಂತ ಸರಕಾರ ಕಳಿಸಿದಲ್ಲೆಲ್ಲ ಹೋಗಿ ನೌಕರಿ ಮುಗಿಸಿದ್ದರು. ಮೂರು ತಾಲೂಕಿನಲ್ಲಿ ಎಷ್ಟು ಮಕ್ಕಳು ಅವರ ಕೈಯಲ್ಲಿ ಹುಟ್ಟಿದವೋ ಅವರಿಗೇ ಲೆಕ್ಕವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಂತರೆ ನಮ್ಮ ಬಸ್ಸು ತಪ್ಪುವುದು ಖಾತ್ರಿ. ಯಾರಾದರೊಬ್ಬಳು ಬಂದು, ಬಾಯಾರ, ಗುರುತು ಸಿಕ್ಕಿತೇನ್ರಿ ಎಂದು ಕಾಲು ಮುಟ್ಟುತ್ತಿದ್ದಳು. ಗುರುತು ಸಿಗದಿದ್ದರೂ ಇವರು ಸಿಕ್ಕಿತು ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳುತ್ತೀರಿ ಎಂದು ಒಮ್ಮೆ ಕೇಳಿದೆ. ಹೆರಿಗೆಯ ಹೊತ್ತಿನಲ್ಲಿ ಎಲ್ಲಾ ಹೆಣ್ಣುಮಕ್ಕಳ ಮುಖ ಒಂದೇ ಥರ ಇರುತ್ತದೆ, ಹಾಗಾಗಿ ಸುಳ್ಳೇನೂ ಅಲ್ಲ ಎಂದರು.

ಕೈ ತೊಳೆಯುವುದು ಅವರಿಗೆ ಒಂದು ವ್ರತವಿದ್ದ ಹಾಗೆ. ಯಾರ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ಮೊಣಕೈಯವರೆಗೆ ತೊಳೆದುಕೊಂಡು ಬಂದೇ ಕೂಡುವುದು. ಮಾತು ಕಡಿಮೆ. ಎದುರಿಗಿದ್ದವರು ಮಾತಾಡುವಾಗ ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು, ಎದೆಗೆ ಕೊಳವೆ ಇಟ್ಟು ಕೇಳಿದ ಹಾಗೆ. ಬೆಳಗಿನ ಐದೂವರೆಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಒಂದು ತಾಸು ಏಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಮಾತ್ರ ತೆರೆದೇ ಇಟ್ಟಿರುತ್ತಿದ್ದರು. ದವಾಖಾನೆಯ ಬಾಗಿಲು ಮುಚ್ಚಿ ಅಭ್ಯಾಸವಿಲ್ಲ ಎನ್ನುತ್ತಿದ್ದರು.

ಗರ್ಭಪಾತದ ವಿಷಯದಲ್ಲಿ ಅವರು ಯಾವ ಕಡೆ ಎಂದು ಓಣಿಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಮ್ಮೆ ಹಿಂದಿನ ಸಾಲಿನ ಮನೆಯ ಒಬ್ಬಳಿಗೆ ಹೃದಯದ ಕಾಯಿಲೆ ಇತ್ತು. ಬಸಿರು ಉಳಿಸಿಕೊಂಡರೆ ತಾಯಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ತೆಗೆಸಿದರು. ಓಣಿಯ ಹೆಂಗಸರು ಅವಳನ್ನು ನೋಡಿ ಮುಖ ತಿರುಗಿಸಿದರು. ನರ್ಸಬಾಯಾರು ಹದಿನೈದು ದಿನ ಅವಳ ಮನೆಗೆ ಹೋಗಿ ತಲೆ ಬಾಚಿದರು, ಗಂಜಿ ಕುಡಿಸಿದರು, ಅವಳು ಅತ್ತಾಗ ಜೊತೆಗೆ ಕೂತು ಅತ್ತರು. ಮುಖ ತಿರುಗಿಸಿದವರಿಗೂ ಒಂದು ಮಾತು ಬೈಯಲಿಲ್ಲ. ಒಬ್ಬೊಬ್ಬರನ್ನೇ ಯಾವುದೋ ನೆವ ಹೇಳಿ ಆ ಮನೆಗೆ ಕರೆದುಕೊಂಡು ಹೋದರು. ತಿಂಗಳಾಗುವುದರೊಳಗೆ ಅದೇ ಹೆಂಗಸರು ಆಕೆಯ ಅಂಗಳದಲ್ಲಿ ಕೂತು ಶಾವಿಗೆ ಹೊಸೆಯುತ್ತಿದ್ದರು.

ಹಾಗೆಂದು ಎಲ್ಲವೂ ಅವರಿಗೆ ಒಂದೇ ಆಗಿರಲಿಲ್ಲ. ಹೊಟ್ಟೆಯಲ್ಲಿರುವುದು ಹೆಣ್ಣು ಎಂಬ ಒಂದೇ ಕಾರಣಕ್ಕೆ ತೆಗೆಸುವ ಸುದ್ದಿ ಕೇಳಿದರೆ ಅವರ ಮುಖದ ಬಣ್ಣವೇ ಇಳಿದುಹೋಗುತ್ತಿತ್ತು. ಅದು ಯಾಕೆ ಎಂದು ನನಗೆ ಬಹಳ ದಿನದ ಮೇಲೆ ತಿಳಿಯಿತು.

ನನ್ನ ಹೆಂಡತಿಗೆ ಮೂರು ತಿಂಗಳಾದಾಗ ನಮ್ಮವ್ವ ಸುಮ್ಮನಿರಲಿಲ್ಲ. ಮೊದಲಿನ ಎರಡೂ ಹೆಣ್ಣು, ಮೂರನೆಯದು ಏನು ಅಂತ ಮೊದಲೇ ನೋಡಿಬಿಡು ಎಂದಳು. ನಾನೇನು ಅವ್ವನ ಮಾತಿಗೆ ಕಟ್ಟುಬಿದ್ದು ಹೋದವನಲ್ಲ. ಅವಳು ಹೇಳದಿದ್ದರೂ ನಾನು ಹೋಗುತ್ತಿದ್ದೆನೇನೋ. ಕಾನೂನು ಗೊತ್ತಿತ್ತು. ಮಗು ಗಂಡೋ ಹೆಣ್ಣೋ ಆಗುವುದು ತಂದೆಯಿಂದ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವನು ನಾನು. ಅದೆಲ್ಲ ಗೊತ್ತಿದ್ದೂ ರಾಜ್ಯದ ಗಡಿಯ ಆಚೆ ಯಾರದೋ ಪರಿಚಯ ಹಿಡಿದು, ಹಿಂದಿನ ಬಾಗಿಲಿನಿಂದ ಒಳಗೆ ಬಿಡುವ ಒಂದು ಜಾಗಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅಲ್ಲಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಈ ಸಲ ಪೇಢೆ ಬೇಡ ಎಂದರು, ಅಷ್ಟೇ. ಗಂಡಾದರೆ ಪೇಢೆ ಹಂಚುವುದು ನಮ್ಮ ಕಡೆಯ ರೂಢಿ, ನಮಗೆ ತಿಳಿಯಿತು. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬನ್ನಿ, ಒಂದು ದಿನದ ಕೆಲಸ ಎಂದೂ ಹೇಳಿದರು.

ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಆಚೆ ನೋಡುತ್ತಿದ್ದಳು. ತೊಗರಿ ಹೂ ಬಿಟ್ಟಿತ್ತು. ಒಮ್ಮೆ ಮಾತ್ರ, ಇರಲಿ ಬಿಡ್ರಿ ಇದೂ ಒಂದು, ಎಂದಳು. ನಾನು ಸುಮ್ಮನಿರು ಎಂದೆ.

ಮರುದಿನವೇ ನರ್ಸಬಾಯಾರಿಗೆ ಗೊತ್ತಾಯಿತು. ಯಾರೂ ಹೇಳಿರಲಿಲ್ಲ. ನಳದ ಹತ್ತಿರ ಕೊಡ ಎತ್ತುವಾಗ ನನ್ನ ಹೆಂಡತಿಯ ಮುಖ ನೋಡಿದರಂತೆ, ಎಲ್ಲಿಗೆ ಹೋಗಿದ್ದಿರಿ ಎಂದಷ್ಟೇ ಕೇಳಿದರಂತೆ. ಸಂಜೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮ ಹತ್ತಿರ ಒಂದು ಮಾತು ಆಡಬೇಕಿತ್ತು ಎಂದರು. ಚರ್ಚಾಸ್ಪರ್ಧೆಯ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ. ಮಾತು ಶುರುವಾಗುವ ಮೊದಲೇ, ಇದು ನಮ್ಮ ಮನಿ ವಿಷಯ, ಇದರಾಗ ನೀವು ಬರಬ್ಯಾಡ್ರಿ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹೌದ್ರಿ, ನಿಮ್ಮ ಮನೀದೇ ಎಂದು ಎದ್ದರು. ಮೆಟ್ಟಿಲಿಳಿಯುವಾಗ, ನಿಮ್ಮ ಹೆಸರಿನಲ್ಲಿ ನಾಳೆಯಿಂದ ದೇವರ ಹತ್ತಿರ ಕೇಳಿಕೊಳ್ಳುತ್ತೇನೆ ಎಂದರು. ನನಗೆ ಇನ್ನೂ ಸಿಟ್ಟು ಬಂತು. ನನ್ನ ಹೆಸರು ನಿಮ್ಮ ಪೂಜೆಯಲ್ಲಿ ತರಬೇಡಿ ಎಂದೆ.

ಅವರು ತಿರುಗಿ ನಕ್ಕರು. "ಅದು ನನ್ನ ಪೂಜಾದ ವಿಷಯ ಸರ. ಅದರಾಗ ನೀವು ಬರಬ್ಯಾಡ್ರಿ."

ಮರುದಿನ ಮಧ್ಯಾಹ್ನದಿಂದ ಅವರು ದಿನಾ ನಮ್ಮ ಮನೆಗೆ ಬರಲು ಶುರು ಮಾಡಿದರು. ಬರುವುದು ನಾನಿಲ್ಲದ ಹೊತ್ತಿನಲ್ಲಿ. ಕೈ ತೊಳೆದುಕೊಂಡು ಬಂದು ಅಡುಗೆಮನೆಯಲ್ಲಿ ಅವ್ವನ ಎದುರು ಕೂತು ಬೇಳೆ ಆರಿಸುವುದು, ಬಳ್ಳೊಳ್ಳಿ ಸುಲಿಯುವುದು. ಬಸಿರಿನ ಮಾತು ಎತ್ತುತ್ತಿರಲಿಲ್ಲ. ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಡುತ್ತಿದ್ದರು. ನನ್ನ ಹೆಂಡತಿಗೆ ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳಿ, ಹುಳಿ ಬೇಕು ಎಂದರೆ ಪುಂಡಿಪಲ್ಯ ಮಾಡಿ ತರುತ್ತಿದ್ದರು. ಮೊದಲ ದಿನ ಅವ್ವ ಮುಖ ಬಿಗಿದುಕೊಂಡಿದ್ದಳಂತೆ. ಮೂರನೆಯ ದಿನ, ಬಾಯಾರು ಯಾಕೋ ಇವತ್ತು ತಡ ಮಾಡಿದರು ಎಂದು ಬಾಗಿಲಿಗೆ ಬಂದು ನೋಡಿದಳಂತೆ. ಇದನ್ನು ನನ್ನ ಹೆಂಡತಿ ಆಮೇಲೆ ಹೇಳಿದಳು.

ಮೊದಲಿನ ಭಾನುವಾರ ನಾನು ಮನೆಯಲ್ಲಿದ್ದೆ. ಹೊರಗಿನ ಕೋಣೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗೆ ನರ್ಸಬಾಯಾರು ಬಂದು ಕೂತದ್ದು ಗೊತ್ತಾಯಿತು. ನನಗೆ ಕೇಳಬಾರದು ಎಂದು ಅವರೇನೂ ಪಿಸುಗುಡುತ್ತಿರಲಿಲ್ಲ. ಏನೇನೋ ಮಾತಾಡುತ್ತಾ ಅವ್ವನಿಗೆ, ನಿಮಗೆ ಈ ಹೆಸರು ಯಾರು ಇಟ್ಟರು ಎಂದು ಕೇಳಿದರು.

ನಮ್ಮವ್ವನ ಹೆಸರು ಸಾಕವ್ವ. ಅವಳದು ಆಳಂದ ತಾಲೂಕಿನ ಗಡಿಯ ಹಳ್ಳಿ. ನನಗೆ ಆ ಹೆಸರು ಅವ್ವನ ಹೆಸರು, ಅಷ್ಟೇ ಆಗಿತ್ತು. ನಲವತ್ತು ವರ್ಷ ಆ ಹೆಸರನ್ನು ರೇಷನ್ ಕಾರ್ಡಿನಲ್ಲಿ, ನನ್ನ ಶಾಲೆಯ ದಾಖಲೆಯಲ್ಲಿ ನೋಡಿದ್ದೆ. ಅದಕ್ಕೆ ಒಂದು ಅರ್ಥ ಇರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅವ್ವ ಮೊದಲು, ಅದೇನ್ ಕೇಳ್ತೀರಿ ಬಿಡ್ರಿ, ಎಂದಳು. ಆಮೇಲೆ ಹೇಳಿದಳು. ನಾಲ್ಕು ಹೆಣ್ಣಾದ ಮೇಲೆ ಐದನೆಯವಳು ಅವಳು. ಇನ್ನು ಹೆಣ್ಣು ಸಾಕು ಅಂತ ಹಾಗೆ ಹೆಸರಿಟ್ಟರು. ಗಡಿಯ ಆಚೆಯ ಸೋದರಮಾವಂದಿರು ಅವರ ಭಾಷೆಯಲ್ಲಿ ನಕೋಸಾ ಎಂದು ಕರೆಯುತ್ತಿದ್ದರು, ಅಂದರೆ ಬೇಡದವಳು. ಹುಟ್ಟಿದ ಆರು ತಿಂಗಳು ಅಪ್ಪ ಅವಳ ಮುಖ ನೋಡಿರಲಿಲ್ಲವಂತೆ. ಅವಳ ತಾಯಿಗೆ ಬಾಣಂತನವನ್ನೂ ಸರಿಯಾಗಿ ಮಾಡಲಿಲ್ಲವಂತೆ. ತೊಟ್ಟಿಲೂ ಕಟ್ಟಲಿಲ್ಲ, ಅಕ್ಕಂದಿರ ಹಳೇ ಸೀರೆಯ ಜೋಳಿಗೆಯಲ್ಲಿ ಬೆಳೆದಳು. ಇದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ನನ್ನ ಕೈಯಲ್ಲಿನ ಕೆಂಪು ಪೆನ್ನು ನಿಂತೇ ಹೋಗಿತ್ತು.

ಈಗ ನರ್ಸಬಾಯಾರು ಉಪದೇಶ ಮಾಡುತ್ತಾರೆ ಎಂದುಕೊಂಡೆ. ನೋಡಿ, ನಿಮ್ಮನ್ನೂ ಹೀಗೇ ಮಾಡಿದ್ದರೆ ಎಂದು ಕೇಳುತ್ತಾರೆ ಎಂದು ಕಾದೆ. ಅವರು ಹಾಗೆ ಕೇಳಲಿಲ್ಲ. ಅವ್ವನ ಎರಡೂ ಕೈ ಹಿಡಿದುಕೊಂಡರು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ನನಗೆ ಮೊದಲು ಕೇಳಿಸಿದ್ದು ಈ ಮಾತು.

"ನೀವು ಹುಟ್ಟಿದ್ದು ಭಾಳ ಛಲೋ ಆತ್ರಿ, ಅವ್ವಾರ."

ಅರವತ್ತು ವರ್ಷದ ಹೆಂಗಸಿಗೆ ಆ ಮಾತನ್ನು ಅಷ್ಟು ದಿನ ಯಾರೂ ಹೇಳಿರಲಿಲ್ಲ. ನನ್ನಪ್ಪ ಹೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅವ್ವ ಮೊದಲು ನಕ್ಕಳು. ಆಮೇಲೆ ಅವಳಿಂದ ಒಂದು ಅಳು ಬಂತು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ನರ್ಸಬಾಯಾರೂ ಅತ್ತರು. ಆಗ ಅವರು ತಮ್ಮ ಒಂದು ಸಂಗತಿಯನ್ನೂ ಹೇಳಿದರು. ನೌಕರಿಯ ನಡುವಿನ ವರ್ಷಗಳಲ್ಲಿ, ಯಾವುದೋ ಊರಿನಲ್ಲಿ, ಸಂಜೆ ಹೊತ್ತು ಒಬ್ಬ ಖಾಸಗಿ ಡಾಕ್ಟರ ಹತ್ತಿರ ಕೆಲಸಕ್ಕೆ ಹೋಗುತ್ತಿದ್ದರಂತೆ. ಅಲ್ಲಿ ಹೆಣ್ಣೆಂದು ತಿಳಿದು ತೆಗೆಸಲು ಬಂದವರ ಪಕ್ಕ ಟ್ರೇ ಹಿಡಿದು ನಿಂತವರು ಇವರೇ. ಒಂದು ವರ್ಷ ನಿಂತಿದ್ದರು. ಒಬ್ಬಳು ಮಂಚದ ಮೇಲೆ ಇವರ ಸೆರಗು ಹಿಡಿದು, ನನಗ ಬ್ಯಾಡ್ರಿ ಬಾಯಾರ, ಮನಿಗಿ ಕಳಸ್ರಿ ಎಂದಳಂತೆ. ಇವರು ಸೆರಗು ಬಿಡಿಸಿಕೊಂಡರು. ಆವತ್ತಿನಿಂದ ಆ ಕೆಲಸ ಬಿಟ್ಟರು, ಸೆರಗು ಬಿಡಿಸಿಕೊಂಡದ್ದನ್ನು ಮಾತ್ರ ಮರೆಯಲಾಗಲಿಲ್ಲ. ನಾನು ಯಾರಿಗೂ ಬುದ್ಧಿ ಹೇಳುವ ಜಾಗದಲ್ಲಿಲ್ಲ, ಅದಕ್ಕೇ ಬಂದು ಕೂಡುತ್ತೇನೆ, ಅಷ್ಟೇ ಎಂದರು.

ಆವತ್ತು ಸಂಜೆ ಅವ್ವ ನನ್ನ ಎದುರು ಬಂದು ಕೂತು, ಮುಂದಿನ ಭಾನುವಾರ ಎಲ್ಲಿಗೂ ಹೋಗುವುದು ಬೇಡ ಎಂದಳು. ನಾನು ಒಪ್ಪಲಿಲ್ಲ. ಕೇಳಿಸಿಕೊಂಡದ್ದು ಮನಸ್ಸಿಗೆ ತಟ್ಟಿರಲಿಲ್ಲ ಎಂದಲ್ಲ, ತಟ್ಟಿದ್ದಕ್ಕೇ ಇನ್ನಷ್ಟು ಹಟ ಬಂತು. ಎರಡು ದಿನ ಅವ್ವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಎದ್ದವನೇ ನೆಟ್ಟಗೆ ನರ್ಸಬಾಯಾರ ಮನೆಗೆ ಹೋದೆ. ನಮ್ಮ ಮನೆಗೆ ಇನ್ನು ಮೇಲೆ ಬರಬೇಡಿ ಎಂದು ಹೇಳುವುದಿತ್ತು.

ಬಾಗಿಲು ತೆರೆದಿತ್ತು. ಅವರು ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ, ಕಣ್ಣು ಅರ್ಧ ಮುಚ್ಚಿತ್ತು. ಪೂಜೆಯ ನಡುವೆ ಮಾತಾಡಿಸಲು ಮನಸ್ಸಾಗದೆ ಹೊಸ್ತಿಲ ಆಚೆ ನಿಂತೆ. ಅವರು ಮಂತ್ರ ಹೇಳುತ್ತಿರಲಿಲ್ಲ, ಮಾತಾಡುತ್ತಿದ್ದರು. ಮನೆಯ ಹಿರಿಯರ ಹತ್ತಿರ ಸಂಸಾರದ ಸುದ್ದಿ ಹೇಳಿದ ಹಾಗೆ ಒಬ್ಬೊಬ್ಬರದೇ ಹೆಸರು ತೆಗೆದು ಹೇಳುತ್ತಿದ್ದರು. ಗಡಿಯ ಆಚೆ ನಾವು ಹೋಗಿದ್ದ ಜಾಗದ ಡಾಕ್ಟರಿಗೂ ಒಳ್ಳೆಯ ಬುದ್ಧಿ ಬರಲಿ, ಅವನ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರು ಎಂದರು. ಸಾಕವ್ವನ ಮೊಣಕಾಲು ನೋವು ಕಡಿಮೆಯಾಗಲಿ ಎಂದರು. ಆಮೇಲೆ ನನ್ನ ಸರದಿ ಬಂತು.

"ಮಾಸ್ತರ ಭಾಳ ಅಂಜ್ಯಾನ ಶಿವನೇ. ಯಾರ ಮುಂದೂ ಹೇಳಾಕ ಆಗವಲ್ದು ಅವಗ. ಅವನ ಅಂಜಿಕಿ ತಗಿ. ಪೂರಾ ತಗ್ಯಾಕ ಆಗದಿದ್ರ ಅರ್ಧ ನನಗ ಕೊಡು."

ನನ್ನ ಎದುರಿಗೆ ಸರ, ನೀವು ಎನ್ನುತ್ತಿದ್ದವರು ದೇವರ ಎದುರಿಗೆ ನನ್ನನ್ನು ಅವನು ಎಂದರು, ಹೆತ್ತವರು ಅನ್ನುವ ಹಾಗೆ. ನನ್ನನ್ನು ಪಾಪಿ ಎಂದಿದ್ದರೆ ಜಗಳ ಮಾಡುತ್ತಿದ್ದೆ. ಕಾನೂನು ಎಂದಿದ್ದರೆ ಉತ್ತರ ಕೊಡುತ್ತಿದ್ದೆ. ಅಂಜಿದ್ದಾನೆ ಎಂದರು. ಅದು ಖರೇ ಇತ್ತು. ಮೂರು ಹೆಣ್ಣುಮಕ್ಕಳ ಲಗ್ನ ಹೇಗೆ ಮಾಡಲಿ ಎಂದು ಅಂಜಿದ್ದೆ. ಸ್ಟಾಫ್ ರೂಮಿನಲ್ಲಿ, ಏನ್ರೀ ಸರ ಮತ್ತ ಅದೇ ಏನು, ಎಂದು ನಗುತ್ತಾರೆ ಎಂದು ಅಂಜಿದ್ದೆ. ಮಗನಿಲ್ಲದವನು ಎಂದು ಅಣ್ಣತಮ್ಮಂದಿರ ಮುಂದೆ ಸಣ್ಣವನಾಗುತ್ತೇನೆ ಎಂದು ಅಂಜಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ನನಗೇ ಹೇಳಿಕೊಂಡಿರಲಿಲ್ಲ. ಹೇಳಬೇಕೆಂದು ಬಂದದ್ದನ್ನು ಹೇಳದೆ, ಸದ್ದು ಮಾಡದೆ ತಿರುಗಿ ಬಂದೆ.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತೆ. ಲಗ್ನವಾಗಿ ಹನ್ನೊಂದು ವರ್ಷದಲ್ಲಿ ಒಲೆಯ ಹತ್ತಿರ ನಾನು ಹಾಗೆ ಕೂತದ್ದಿಲ್ಲ. ನನ್ನ ಅಂಜಿಕೆಯನ್ನೆಲ್ಲ ಹೇಳಿದೆ. ಹೇಳಿ ಮುಗಿಸಿ, ನಿನಗೆ ಏನು ಬೇಕು ಎಂದು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು, ಒಲೆ ಆರಿಸಿ, ನನ್ನ ಕಡೆ ತಿರುಗಿದಳು.

"ನನಗ ಈ ಕೂಸು ಬೇಕ್ರಿ. ನೀವು ಹಿಂಗ ಒಮ್ಮೆ ಕೇಳೋದೂ ಬೇಕಾಗಿತ್ತು."

ಆ ಭಾನುವಾರ ನಾವು ಎಲ್ಲಿಗೂ ಹೋಗಲಿಲ್ಲ. ಅವ್ವ ಹೋಳಿಗೆ ಮಾಡಿದಳು. ನರ್ಸಬಾಯಾರನ್ನು ಊಟಕ್ಕೆ ಕರೆಯಲು ನಾನೇ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಏನೂ ಕೇಳಲಿಲ್ಲ. ಕೈ ತೊಳೆದುಕೊಂಡು ಬರುತ್ತೇನೆ ನಡೀರಿ ಎಂದರು. ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು.

ಮಗಳು ಬೇಸಿಗೆಯಲ್ಲಿ ಹುಟ್ಟಿದಳು. ನರ್ಸಬಾಯಾರು ನಿವೃತ್ತಿಯಾಗಿದ್ದರೂ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ಕೂಸನ್ನು ತಂದಾಗ ಅವರು ಕೈ ಚಾಚಲಿಲ್ಲ, ಅವ್ವನನ್ನು ಮುಂದೆ ತಳ್ಳಿದರು. ಅವ್ವ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು, ಆಮೇಲೆ ಅದರ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದಳು. ಏನು ಹೇಳಿದಳು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಮರುದಿನ ಅವ್ವ ದೊಡ್ಡ ಪರಾತದ ತುಂಬ ಜಿಲೇಬಿ ಇಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಂಚುತ್ತಾ ಹೋದಳು. ಮೂರನೆಯ ಹೆಣ್ಣಿಗೆ ಜಿಲೇಬಿ ಹಂಚಿದ್ದನ್ನು ನಮ್ಮ ಓಣಿ ನೋಡಿರಲಿಲ್ಲ. ಒಬ್ಬಳು ಸಮಾಧಾನ ಮಾಡುವ ಹಾಗೆ, ಇರಲಿ ಬಿಡ್ರಿ, ಮುಂದಿನದು ಗಂಡಾದೀತು ಎಂದಳು. ಅವ್ವ ಆಕೆಯ ಕೈಯಲ್ಲಿ ಇನ್ನೊಂದು ಜಿಲೇಬಿ ಇಟ್ಟು, ಇದು ನೀ ಹುಟ್ಟಿದ್ದಕ್ಕ ತಗೋ ತಂಗಿ, ಎಂದು ಮುಂದೆ ನಡೆದಳಂತೆ. ಆಕೆ ಜಿಲೇಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ತೊಟ್ಟಿಲಿಗೆ ಹಾಕುವ ದಿನ ನನ್ನ ಸ್ವಂತ ಅಕ್ಕ ಮುನಿಸಿಕೊಂಡು ಬರಲಿಲ್ಲ. ಹೆಸರು ಕರೆಯುವ ಸೋದರತ್ತೆಯ ಜಾಗದಲ್ಲಿ ಅವ್ವ ನರ್ಸಬಾಯಾರನ್ನು ಕೂಡಿಸಿ, ಇವತ್ತಿಗೆ ನನ್ನ ಮಗನಿಗೆ ಅಕ್ಕ ಇವರೇ ಎಂದಳು. ನಮ್ಮಕ್ಕ ಮರುವರ್ಷ ಬಂದಳು. ಈಗ ಆ ಸೋದರಸೊಸೆಯೆಂದರೆ ಅವಳಿಗೆ ಪ್ರಾಣ.

ಅಲ್ಲಿಂದ ಮುಂದೆ ಈ ಇಬ್ಬರು ಹೆಂಗಸರದು ಒಂದು ಜೋಡಿಯಾಯಿತು. ಹೆಣ್ಣೆಂದು ತೆಗೆಸಲು ಹೊರಟವರ ಸುದ್ದಿ ಎಲ್ಲಿಂದ ಬರುತ್ತಿತ್ತೋ, ಅಫಜಲಪುರದ ಹಳ್ಳಿಗಳಿಗೆ, ಜೇವರ್ಗಿಗೆ, ಆಳಂದಕ್ಕೆ ಸರಕಾರಿ ಬಸ್ಸು ಹತ್ತಿ ಹೋಗುತ್ತಿದ್ದರು. ಜೇವರ್ಗಿಯ ಒಂದು ಮನೆಯಲ್ಲಿ ಅತ್ತೆ ಬಾಗಿಲನ್ನೇ ತೆಗೆಯಲಿಲ್ಲವಂತೆ. ಇಬ್ಬರೂ ಕಟ್ಟೆಯ ಮೇಲೆ ಕೂತರು. ಬಾಯಾರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರೆ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಳು. ಮೂರು ತಾಸಿನ ಮೇಲೆ ಆ ಅತ್ತೆಯೇ, ಬಿಸಿಲಾಗ ಸಾಯ್ತೀರಿ ಒಳಗ ಬರ್ರಿ, ಎಂದು ಗದರಿಸಿ ಒಳಗೆ ಕರೆದಳು. ಅವ್ವ ತನ್ನ ಹೆಸರಿನ ಕಥೆ ಹೇಳಿದಳು. ಆ ಮನೆಯಲ್ಲಿ ಹುಟ್ಟಿದ ಹುಡುಗಿ ಈಗ ಎರಡನೆಯ ಇಯತ್ತೆ ಓದುತ್ತಾಳೆ.

ಎಲ್ಲ ಕಡೆಯೂ ಹಾಗೆ ಆಗಲಿಲ್ಲ. ಆಳಂದದ ಒಬ್ಬಳಿಗೆ ಮೂರು ಮಕ್ಕಳಾಗಿ ಮೈಯಲ್ಲಿ ರಕ್ತವೇ ಇರಲಿಲ್ಲ. ಇನ್ನೊಂದು ಹೊರಲು ನನ್ನಿಂದ ಆಗುವುದಿಲ್ಲ ಎಂದು ಅವಳೇ ನಿರ್ಧಾರ ಮಾಡಿದ್ದಳು. ನರ್ಸಬಾಯಾರು ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ಅವಳ ಜೊತೆಗೇ ದವಾಖಾನೆಗೆ ಹೋಗಿ ಕೂತರು. ವಾರ ಬಿಟ್ಟು ಮತ್ತೆ ಹೋಗಿ ನೋಡಿ ಬಂದರು. ಅವ್ವನಿಗೆ ಇದು ಸೇರಲಿಲ್ಲ. ಬರುವಾಗ ಬಸ್ಸಿನಲ್ಲಿ, ಇಷ್ಟು ದೂರ ಬಂದು ನಾವು ಸೋತೆವಲ್ಲ ಎಂದಳಂತೆ. ನರ್ಸಬಾಯಾರು, ಆಕಿನೂ ಒಂದು ಜೀವಾನೇ ಅವ್ವಾರ, ಆಕಿ ಉಳದಾಳ, ಎಂದರಂತೆ. ಅವ್ವ ಈ ಮಾತನ್ನು ಬಹಳ ದಿನ ಜಗಿಯುತ್ತಿದ್ದಳು. ಕೊನೆಗೆ ಒಂದು ದಿನ ಒಂದು ಗಂಟು ಶೇಂಗಾ ಉಂಡೆ ಕಟ್ಟಿಕೊಂಡು ಒಬ್ಬಳೇ ಆಳಂದದ ಬಸ್ಸು ಹತ್ತಿದಳು. ಆ ಹೆಣ್ಣುಮಗಳನ್ನು ನೋಡಿ ಮಾತಾಡಿಸಿಕೊಂಡು ಬಂದಳು.

ನಾನೂ ನನ್ನ ಪಾಲಿಗೆ ಬಂದದ್ದನ್ನು ಮಾಡಿದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಆ ಚಿತ್ರ ಬರೆದ ಮೇಲೆ, ಇದು ಚೆನ್ನಾಗಿ ಗೊತ್ತಿದ್ದೂ ತಪ್ಪಲು ಹೋದ ಒಬ್ಬ ಮಾಸ್ತರನ ಕಥೆ ಹೇಳುತ್ತೇನೆ. ಅದು ನಾನೇ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಕಳೆದ ವರ್ಷ ನನ್ನ ಮೂರನೆಯವಳಿಗೂ ಹೇಳಿದೆ. ಅವಳು ಕೇಳಿ, ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಈಗ ಅಂಜಿಕೆ ಹೋಗಿದೆಯಾ ಎಂದು ಕೇಳಿದಳು. ಹೋಗಿದೆ ಎಂದೆ. ಹಾಗಾದರೆ ನನಗೆ ಹೊಸ ಸೈಕಲ್ ಕೊಡಿಸು ಎಂದಳು.

ನರ್ಸಬಾಯಾರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಪೂಜೆಗೆ ಕೂತವರು ಕೂತ ಹಾಗೆಯೇ ಹೋದರು. ಹತ್ತೂವರೆಯ ಹೊತ್ತಿಗೆ ಜೇವರ್ಗಿಯಿಂದ ಬಂದ ಬಸ್ಸಿನಿಂದ ಹೆಂಗಸರು ಇಳಿಯತೊಡಗಿದರು. ಆಮೇಲೆ ಆಳಂದದಿಂದ, ಜಿಡಗಾದ ಕಡೆಯಿಂದ, ಭೀಮೆಯ ದಂಡೆಯ ಹಳ್ಳಿಗಳಿಂದ ಬಂದರು. ಬುರ್ಖಾ ಹಾಕಿದವರು, ಸೆರಗು ಹೊದ್ದವರು, ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡ ಹುಡುಗಿಯರು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ದೊಡ್ಡ ಮಗಳೂ ಬಂದಳು. ಓಣಿ ಹಿಡಿಯಲಿಲ್ಲ. ಜನ ರಸ್ತೆಯವರೆಗೆ ನಿಂತರು. ಹಿಂದಿನ ಸಾಲಿನ ಆ ಹೃದಯದ ಕಾಯಿಲೆಯವಳು ಬಂದವರಿಗೆಲ್ಲ ನೀರು ಕೊಡುತ್ತಿದ್ದಳು.

ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಕೂಡಿಸಿದ್ದಾಯಿತು. ಹೆಗಲು ಕೊಡುವವರು ಯಾರು ಎಂಬ ಮಾತು ಬಂತು. ಮಕ್ಕಳಿಲ್ಲ. ತವರಿನ ಅಣ್ಣನ ಮಗನೊಬ್ಬ ಬಂದಿದ್ದ, ಒಳ್ಳೆಯ ಮನುಷ್ಯ, ಓಣಿಯ ಗಂಡಸರು ಇನ್ನು ಮೂವರು ಬನ್ನಿ ಎಂದ. ನಾವು ಮುಂದೆ ಹೋಗುವಷ್ಟರಲ್ಲಿ ಅವ್ವ ಎದ್ದು ಬಂದು ಅಡ್ಡ ನಿಂತಳು. ಅವಳಿಗೀಗ ಎಪ್ಪತ್ತು ದಾಟಿದೆ. ನಾವು ಹೊರುತ್ತೇವೆ ಎಂದಳು. ಗುಂಪಿನಲ್ಲಿದ್ದ ಒಬ್ಬ ಹಿರಿಯರು, ಹೆಂಗಸರ ಕೈಲಿ ಆಗುವುದಿಲ್ಲ, ರುದ್ರಭೂಮಿ ಒಂದು ಮೈಲಿ ಇದೆ ಎಂದರು.

"ಒಂಬತ್ತು ತಿಂಗಳು ಹೊತ್ತೀವಿ. ಒಂದು ಮೈಲು ಹೊರಾಕ ಬರಲ್ಲೇನ್ರಿ?"

ಆ ಹಿರಿಯರೇ ತಲೆಯ ಟೊಪ್ಪಿಗೆ ತೆಗೆದು ಹಿಂದೆ ಸರಿದು ದಾರಿ ಬಿಟ್ಟರು. ಹೆಂಗಸರು ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದರು. ಮುಂದೆ ಈ ಕಡೆ ನಮ್ಮವ್ವ, ಆ ಕಡೆ ಜೇವರ್ಗಿಯಲ್ಲಿ ಬಾಗಿಲು ತೆಗೆಯದಿದ್ದ ಆ ಅತ್ತೆ, ಹಿಂದೆ ನನ್ನ ಹೆಂಡತಿ, ನನ್ನ ದೊಡ್ಡ ಮಗಳು. ನೂರು ಹೆಜ್ಜೆಗೊಮ್ಮೆ ಹೆಗಲು ಬದಲಾಯಿತು, ಆದರೆ ವಿಮಾನ ಒಮ್ಮೆಯೂ ನೆಲಕ್ಕಿಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಡ್ರೈವರ್ ಬಸ್ಸು ನಿಲ್ಲಿಸಿ ಇಳಿದು ಕೈ ಮುಗಿದ. ಭಜನೆಯವರ ತಾಳ ಜೋರಾಯಿತು. ಹೆಂಗಸರು ಅಳುವುದನ್ನು ಯಾವಾಗ ನಿಲ್ಲಿಸಿದರೋ ಗೊತ್ತಿಲ್ಲ, ಒಬ್ಬೊಬ್ಬರೇ ಭಜನೆಗೆ ದನಿ ಕೂಡಿಸತೊಡಗಿದ್ದರು.

ನಾನು ಗಂಡಸರ ಜೊತೆ ಹಿಂದೆ ನಡೆಯುತ್ತಿದ್ದೆ. ಪಕ್ಕದಲ್ಲಿ ಮೂರನೆಯವಳು ನನ್ನ ಕೈ ಹಿಡಿದಿದ್ದಳು. ಸ್ವಲ್ಪ ದೂರ ನಡೆದ ಮೇಲೆ, ಅಪ್ಪಾ ನಾನೂ ಹೋಗಲೇನು ಎಂದಳು. ಅವಳ ಹೆಗಲು ಅಲ್ಲಿಗೆ ಮುಟ್ಟುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹೋಗು ಎಂದೆ. ಅವಳು ನನ್ನ ಕೈ ಬಿಟ್ಟು ಜನರ ನಡುವೆ ಓಡಿದಳು. ಅಜ್ಜಿಯ ಪಕ್ಕ ಸೇರಿ, ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಕೆಳಗಿನಿಂದ ವಿಮಾನದ ಕಟ್ಟಿಗೆಯನ್ನು ಹಿಡಿದುಕೊಂಡಳು, ಹಾಗೆಯೇ ಹಿಡಿದುಕೊಂಡು ರುದ್ರಭೂಮಿಯವರೆಗೂ ನಡೆದಳು.